ಹೊಲಿಗೆ ಬಾರದ ಬೂಬಮ್ಮ ಟೀಚರು

ನನಗೆ ಯಾರ ಒಡವೆ ಕಂಡೂ ಹೊಟ್ಟೆ ಉರಿದದ್ದಿಲ್ಲ. ಸೀರೆ, ಮನೆ, ಗಂಡ ಇವುಗಳಿಗಾಗಿ ಉರಿದುಕೊಳ್ಳುವವರು ಬೇಕಾದಷ್ಟು ಜನ ಇದ್ದರು, ಆ ಕೆಲಸ ಅವರಿಗೇ ಬಿಟ್ಟಿದ್ದೆ. ನಾನು ಉರಿದುಕೊಂಡದ್ದು ಒಂದು ಪೀರಿಯಡ್ಡಿಗಾಗಿ. ಏಳನೇ ತರಗತಿಯ ಕನ್ನಡ. ಬೆಳಿಗ್ಗೆ ಪ್ರಾರ್ಥನೆ ಮುಗಿದು, ಮಕ್ಕಳ ಹಣೆಯ ವಿಭೂತಿ ಕುಂಕುಮ ಇನ್ನೂ ಅಳಿಸದೆ ಇರುವಾಗ ಬರುವ ಮೊದಲ ಪೀರಿಯಡ್ಡು. ಅದು ನನಗೆ ಬೇಕಿತ್ತು, ಅವಳಿಗೆ ಸಿಕ್ಕಿತು. ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ಮಾಯಸಂದ್ರದ ಹತ್ತಿರದ ಒಂದು ಹಳ್ಳಿಯ ಮಿಡ್ಲ್ ಸ್ಕೂಲಿಗೆ ನಾವಿಬ್ಬರೂ ಹೊಸದಾಗಿ ಬಂದ ಟೀಚರುಗಳು.

ನಾನು ಹುಟ್ಟಿ ಬೆಳೆದದ್ದು ತಿಪಟೂರಿನಲ್ಲಿ, ಕೊಬ್ಬರಿ ಮಂಡಿಗಳ ಹಿಂದಿನ ಗಲ್ಲಿಯಲ್ಲಿ. ಅಬ್ಬಾ ಮಂಡಿಯಲ್ಲಿ ಕೊಬ್ಬರಿ ತುಂಬಿದ ಗೋಣಿಚೀಲಗಳ ಬಾಯಿ ಹೊಲಿಯುತ್ತಿದ್ದರು. ಅಮ್ಮಿ ತೆಂಗಿನ ತೋಟದವರ ಮನೆಗಳಿಗೆ ಕೊಬ್ಬರಿ ಸುಲಿಯಲು ಹೋಗುತ್ತಿದ್ದಳು. ಮನೆಗೆ ಹತ್ತಿರ ಇದ್ದದ್ದು ಕನ್ನಡ ಶಾಲೆ, ಅಲ್ಲಿಗೇ ಸೇರಿಸಿದರು. ಮನೆಯೊಳಗೆ ನಮ್ಮ ದಖನಿ ಉರ್ದು, ಹೊಸಿಲು ದಾಟಿದರೆ ಕನ್ನಡ. ಹೊಸಿಲು ದಾಟಿದ್ದೇ ಹೆಚ್ಚಾಗಿ, ಕನಸು ಬೀಳುವುದೂ ಕನ್ನಡದಲ್ಲಿ ಎನ್ನುವ ಹಾಗಾಯಿತು. ಪದ್ಯ ಓದುವುದೆಂದರೆ ನನಗೆ ಹುಚ್ಚು. ಒಲೆ ಊದುತ್ತಾ ಹಳೆಗನ್ನಡ ಒದರುತ್ತಿದ್ದ ನನ್ನನ್ನು ನೋಡಿ ಅಮ್ಮಿ, ಈ ಹುಡುಗಿಗೆ ಯಾವ ಗಾಳಿ ಸೋಕಿದೆಯೋ ಎಂದು ಪಕ್ಕದ ಮನೆಯವರ ಹತ್ತಿರ ಹೇಳಿಕೊಳ್ಳುತ್ತಿದ್ದಳು. ಟ್ರೈನಿಂಗ್ ಮುಗಿಸಿ ಕೆಲಸದ ಆರ್ಡರು ಕೈಗೆ ಬಂದಾಗ ನನ್ನ ತಲೆಯಲ್ಲಿ ಇದ್ದದ್ದು ಒಂದೇ, ಇನ್ನು ದಿನಾ ಪದ್ಯ ಓದಿಸಿ ಸಂಬಳ ತಗೊಳ್ಳಬಹುದು ಅಂತ.

ಹೆಡ್‌ಮೇಷ್ಟ್ರು ಒಳ್ಳೆಯ ಮನುಷ್ಯ. ಇದನ್ನು ನಾನು ವ್ಯಂಗ್ಯಕ್ಕೆ ಹೇಳುತ್ತಿಲ್ಲ. ಮೊದಲ ದಿನ ಕುರ್ಚಿ ಬಿಟ್ಟು ಎದ್ದು ನಿಂತು ಕರೆದರು.

“ಬನ್ನಿ ಕಣಮ್ಮ, ಬನ್ನಿ. ಒಳ್ಳೇದಾಯ್ತು ನೀವು ಬಂದಿದ್ದು. ಹೆಣ್ಮಕ್ಕಳ ಹೊಲಿಗೆ ಕ್ಲಾಸಿಗೆ ಯಾರೂ ಇರ್ಲಿಲ್ಲ. ನಿಮ್ಮೋರಿಗೆ ಹೊಲಿಗೆ ಅನ್ನೋದು ಹುಟ್ತಾನೇ ಬಂದಿರ್ತದೆ.”

“ಸಾರ್, ನಾನು ಕನ್ನಡ ತಗೋತೀನಿ ಅಂದ್ಕೊಂಡಿದ್ದೆ.”

“ಕನ್ನಡ ಚೆನ್ನಾಗೇ ಮಾತಾಡ್ತೀರಿ ಬುಡಿ. ಸಾಬರು ಅಂತ ಗೊತ್ತೇ ಆಗಲ್ಲ.” ಅವರ ಮುಖದಲ್ಲಿ ನಿಜವಾದ ಮೆಚ್ಚುಗೆ ಇತ್ತು. “ಆದ್ರೂ ಪದ್ಯ ಗಿದ್ಯ ಹೇಳಕ್ಕೆ ಮನೆಮಾತು ಕನ್ನಡ ಆಗಿರ್ಬೇಕು ಕಣಮ್ಮ. ಇನ್ನೊಬ್ರು ಬರ್ತಾವ್ರೆ, ನೊಣವಿನಕೆರೆ ಕಡೆಯೋರು. ಅವ್ರಿಗೆ ಕೊಡಾನ.”

ಅವರೇ ನನಗೆ ಶುಕ್ರವಾರ ಮಧ್ಯಾಹ್ನ ನಮಾಜಿಗೆಂದು ಬಿಡುವು ಕೊಟ್ಟರು. ನಮ್ಮ ಕಡೆ ಹೆಂಗಸರು ಮಸೀದಿಗೆ ಹೋಗುವುದಿಲ್ಲ ಎಂದು ಹೇಳಿದರೆ ಬಿಡುವು ಹೋದೀತೆಂದು ನಾನು ಬಾಯಿ ಬಿಡಲಿಲ್ಲ. ಶಾಲೆಯ ಹಿಂದಿನ ಹುಣಸೆಮರದ ಕೆಳಗೆ ಕೂತು ಏಳನೇ ತರಗತಿಯ ಕನ್ನಡ ಪುಸ್ತಕ ಓದುತ್ತಿದ್ದೆ.

ವಾರದೊಳಗೆ ಅವಳು ಬಂದಳು. ಅವರಪ್ಪನಿಗೆ ನೊಣವಿನಕೆರೆ ಕಡೆ ದೊಡ್ಡ ತೆಂಗಿನ ತೋಟ, ಊರಿನ ನ್ಯಾಯ ಪಂಚಾಯಿತಿ ಅವರಿಲ್ಲದೆ ಆಗುತ್ತಿರಲಿಲ್ಲ. ಅವಳು ತುರುವೇಕೆರೆಯಲ್ಲಿ ಸೋದರಮಾವನ ಮನೆಯಲ್ಲಿ ಇದ್ದಳು. ನಾನೂ ತುರುವೇಕೆರೆಯಲ್ಲೇ, ನನ್ನ ಖಾಲಾ ಮನೆಯಲ್ಲಿ, ಎಂದರೆ ಅಮ್ಮಿಯ ತಂಗಿಯ ಮನೆಯಲ್ಲಿ. ದಿನಾ ಒಂದೇ ಬಸ್ಸು, ಒಂದೇ ಸೀಟು. ದುಂಡುಮುಖ, ಮಾತಿಗೊಂದು ನಗು. ಅವಳನ್ನು ದ್ವೇಷಿಸಲು ನಾನು ಮೊದಲ ದಿನವೇ ತಯಾರಾಗಿ ಹೋಗಿದ್ದೆ. ಸಂಜೆಯ ಹೊತ್ತಿಗೆ ಅವಳ ಡಬ್ಬಿಯ ಅವಲಕ್ಕಿ ತಿಂದಿದ್ದೆ.

ಆದರೂ ಹೊಟ್ಟೆ ಉರಿಯುವುದು ನಿಲ್ಲಲಿಲ್ಲ. ಮಕ್ಕಳು ಬೆಳಿಗ್ಗೆ ಕನಕಾಂಬರದ ಮಾಲೆ ತಂದು ಅವಳಿಗೆ ಕೊಡುತ್ತಿದ್ದವು. ನನ್ನ ಕಡೆ ನೋಡಿ, “ನೀವು ಮುಡಿಯಲ್ವಂತೆ ಅಲ್ವಾ ಟೀಚರ್” ಎಂದು ಅನುಕಂಪ ಬೇರೆ. ನಮ್ಮಮ್ಮಿ ತಲೆಯಲ್ಲಿ ಮಲ್ಲಿಗೆ ಇಲ್ಲದೆ ಬೀದಿಗೆ ಕಾಲಿಟ್ಟವಳಲ್ಲ. ಒಮ್ಮೆ ಇಬ್ಬರೂ ಒಬ್ಬ ಹುಡುಗಿಯ ಮನೆಗೆ ಹೋಗಿದ್ದೆವು. ಹೊರಡುವಾಗ ಆ ಮನೆಯ ಅಮ್ಮ ಅವಳಿಗೆ ಅರಿಶಿನ ಕುಂಕುಮ ಕೊಟ್ಟು, ಜುಟ್ಟು ಬಿಟ್ಟ ತೆಂಗಿನಕಾಯಿಯನ್ನು ಮಡಿಲಿಗೆ ಹಾಕಿದರು. ನನ್ನ ಮುಂದೆ ಬಂದು ತಡವರಿಸಿದರು. ಕೊಟ್ಟರೆ ನನಗೆ ತಪ್ಪಾದೀತು, ಕೊಡದಿದ್ದರೆ ಅವರಿಗೆ ತಪ್ಪಾದೀತು. ಒಳಗೆ ಓಡಿಹೋಗಿ ಪೇಪರಿನಲ್ಲಿ ಕೋಳಿಮೊಟ್ಟೆ ಸುತ್ತಿಕೊಂಡು ಬಂದರು. “ನೀವು ತಿಂತೀರಲ್ಲ” ಅಂದರು. ನಮ್ಮ ಮನೆಯಲ್ಲಿ ಮೊಟ್ಟೆಯ ವಾಸನೆಗೇ ಮೂಗು ಮುಚ್ಚುವವಳು ನಾನೊಬ್ಬಳೇ. ತೆಂಗಿನಕಾಯಿ ಈ ಸೀಮೆಯಲ್ಲಿ ಯಾವ ದೊಡ್ಡ ವಸ್ತು, ಎಲ್ಲಿ ನೋಡಿದರಲ್ಲಿ ಬಿದ್ದಿರುತ್ತದೆ. ಆದರೂ ಆ ಕಾಯಿ ಅವಳ ಮಡಿಲಲ್ಲಿ ಕೂತಿದ್ದನ್ನು ಬಸ್ಸಿನಲ್ಲಿ ದಾರಿಯುದ್ದಕ್ಕೂ ನೋಡುತ್ತಾ ಬಂದೆ.

ಹೊಲಿಗೆ ಕ್ಲಾಸಿನ ಕಥೆ ಹೇಳುತ್ತೇನೆ. ನನಗೆ ಬರುತ್ತಿದ್ದದ್ದು ಒಂದೇ ಹೊಲಿಗೆ, ಅಬ್ಬಾ ಹಾಕುತ್ತಿದ್ದದ್ದು. ದಬ್ಬಳ ಎಂಬ ಮೊಳೆಯಷ್ಟು ದಪ್ಪದ ಸೂಜಿಗೆ ಹುರಿ ಪೋಣಿಸಿ, ಚೀಲದ ಬಾಯಿಯನ್ನು ಸುರುಳಿ ಸುತ್ತಿ, ಜಗ್ಗಿ ಜಗ್ಗಿ ಹೊಲಿದು, ಹಮಾಲರು ಹಿಡಿದೆತ್ತಲು ಎರಡು ಮೂಲೆಗೂ ಒಂದೊಂದು ಕಿವಿ ಬಿಡುವುದು. ಬೇರೆ ಏನೂ ಗೊತ್ತಿಲ್ಲದೆ ನಾನು ಮಕ್ಕಳಿಗೆ ಅದನ್ನೇ ಕಲಿಸಿದೆ. ಕರ್ಚೀಫುಗಳೆಲ್ಲ ಪುಟ್ಟ ಪುಟ್ಟ ಕೊಬ್ಬರಿ ಚೀಲಗಳಾದವು. ವಿಚಿತ್ರವೆಂದರೆ ಊರಿನಲ್ಲಿ ಯಾರಿಗೂ ಅನುಮಾನ ಬರಲಿಲ್ಲ. ಒಬ್ಬ ಹುಡುಗಿಯ ಅಜ್ಜಿ ಅದನ್ನು ಜಗ್ಗಿ ನೋಡಿ, “ಸಾಬರ ಕೈ ಹೊಲಿಗೆ ಅಂದ್ರೆ ಹಿಂಗಿರ್ಬೇಕು” ಅಂದರಂತೆ.

ಕಂಡುಹಿಡಿದವಳು ಅವಳು. ಬಸ್ಸಿನಲ್ಲಿ ನನ್ನ ಚೀಲದಿಂದ ಒಂದು ಕರ್ಚೀಫು ಎಳೆದು ತಿರುಗಿಸಿ ಮುರುಗಿಸಿ ನೋಡಿದಳು.

“ಇದೇನೇ ಇದು? ಕರ್ಚೀಫಿಗೆ ಕಿವಿ ಯಾಕೆ?”

ಹೇಳಿದೆ. ಅವಳು ನಕ್ಕಳು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಕಂಡಕ್ಟರು ತಿರುಗಿ ನೋಡಿದ. ಅವಳ ಕೈಯಲ್ಲಿ ಹೊಲಿಗೆ ಎಂದರೆ ಹೂವಿನ ಹಾಗೆ ಇತ್ತು; ಸರಪಳಿ ಹೊಲಿಗೆ, ಗಂಟು ಹೊಲಿಗೆ, ನವಿಲು, ಗಿಳಿ, ಏನು ಬೇಕಾದರೂ. ನಗು ನಿಂತ ಮೇಲೆ ಅವಳು ತನ್ನ ಗುಟ್ಟು ಹೇಳಿದಳು.

“ನಂದೂ ಅದೇ ಕಥೆ ಕಣೇ. ಆ ಪದ್ಯಗಳು ನಂಗೆ ಒಂದಕ್ಷರ ತಲೆಗೆ ಹತ್ತಲ್ಲ. ಗೈಡು ನೋಡ್ಕೊಂಡು ಹೇಳ್ತಾ ಇದೀನಿ.”

ನಾನು ಅವಳ ಕೈ ಹಿಡಿದುಕೊಂಡೆ. “ಹಂಗಾದ್ರೆ ಬದಲಾಯಿಸ್ಕೊಳ್ಳೋಣ. ನಾಳೆನೇ ಹೆಡ್‌ಮೇಷ್ಟ್ರ ಹತ್ರ ಹೋಗಿ ಕೇಳೋಣ ಬಾ.”

“ಕೇಳೋಣ ಬುಡು, ಏನವಸರ” ಅಂದಳು. ಆಮೇಲೆ ಆ ಮಾತನ್ನು ಅವಳು ಎತ್ತಲಿಲ್ಲ. ನಾನು ಎತ್ತಿದಾಗಲೆಲ್ಲ ಕಿಟಕಿಯ ಆಚೆ ನೋಡಿದಳು.

ಅಲ್ಲಿಂದ ನಮ್ಮ ಕಳ್ಳ ವ್ಯವಹಾರ ಶುರುವಾಯಿತು. ಮಾದರಿಗೆ ಇಡಬೇಕಾದ ಹೊಲಿಗೆಯನ್ನೆಲ್ಲ ಅವಳು ಮನೆಯಲ್ಲಿ ಮಾಡಿ ತಂದು ಕೊಡುತ್ತಿದ್ದಳು. ಬಸ್ಸಿನಲ್ಲಿ ನಾನು ಅವಳಿಗೆ ಮರುದಿನದ ಪದ್ಯ ಹೇಳಿಕೊಡುತ್ತಿದ್ದೆ. ನನ್ನ ಪಾಲಿಗೆ ಅದೇ ಏಳನೇ ತರಗತಿ. ಒಬ್ಬಳೇ ವಿದ್ಯಾರ್ಥಿನಿ, ಅದೂ ಆಕಳಿಸುವವಳು. ಬೆಳಿಗ್ಗೆ ನಾನು ಐದನೇ ತರಗತಿಗೆ ಮಗ್ಗಿ ಹೇಳಿಸುವಾಗ, ಮೋಟುಗೋಡೆಯ ಆಚೆಯಿಂದ ನನ್ನ ಮಾತುಗಳು ಅವಳ ದನಿಯಲ್ಲಿ ಕೇಳಿಬರುತ್ತಿದ್ದವು. ಮಕ್ಕಳು ಹ್ಞಾಂ ಅನ್ನುವುದು, ನಗುವುದು ಕೇಳುತ್ತಿತ್ತು. ಆ ನಗು ನನ್ನದಾಗಬೇಕಿತ್ತು ಎಂದು ಮೈ ಪರಚಿಕೊಳ್ಳುವ ಹಾಗಾಗುತ್ತಿತ್ತು. ಮಗ್ಗಿ ತಪ್ಪಿದ ಮಕ್ಕಳಿಗೆ ಆ ದಿನ ಬೈಗುಳ ಸ್ವಲ್ಪ ಜಾಸ್ತಿ ಬೀಳುತ್ತಿತ್ತು.

ಹೀಗಿರುವಾಗ ಇನ್‌ಸ್ಪೆಕ್ಟರು ಬರುತ್ತಾರೆಂದು ಸುದ್ದಿ ಬಂತು. ಅವರ ಮುಂದೆ ಅವಳು ಮಾಡಬೇಕಾದ ಪದ್ಯ, ಒಬ್ಬ ತಾಯಿ ಮಗನನ್ನು ಯುದ್ಧಕ್ಕೆ ಕಳಿಸಿಕೊಡುವುದು. ತಾಯಿ ಅಳುವುದಿಲ್ಲ.

“ಯಾಕೆ ಅಳಲ್ಲ ಅವಳು? ಕಲ್ಲೆದೆನಾ?” ಎಂದು ಇವಳು ಕೇಳಿದಳು.

ನಾನು ಚಿಕ್ಕಂದಿನಲ್ಲಿ ಅಮ್ಮಿಯ ಜೊತೆ ತೋಟದವರ ಮನೆಗಳ ಅಟ್ಟ ಹತ್ತುತ್ತಿದ್ದೆ. ಕೊಬ್ಬರಿಗೆಂದು ಹಾಕಿದ ಕಾಯಿ ಅಲ್ಲಿ ಕತ್ತಲಲ್ಲಿ, ಕೆಳಗಿನ ಒಲೆಯ ಹೊಗೆ ಕುಡಿದುಕೊಂಡು ವರ್ಷವಿಡೀ ಬಿದ್ದಿರುತ್ತವೆ. ಒಂದೊಂದನ್ನೇ ಕಿವಿಯ ಹತ್ತಿರ ಅಲ್ಲಾಡಿಸಿ ನೋಡುವುದು ನನ್ನ ಕೆಲಸ. ಅದನ್ನೇ ಹೇಳಿದೆ.

“ಅಟ್ಟದ ಮೇಲಿನ ಕಾಯಿ ನೋಡು. ನೀರೆಲ್ಲ ಒಳಗೊಳಗೇ ಇಂಗ್ತದೆ, ಹೊರಗೆ ಒಂದು ಹನಿ ಬರಲ್ಲ. ಸಿಪ್ಪೆ ನೋಡಿದ್ರೆ ಹಾಕಿದಾಗ ಹೆಂಗಿತ್ತೋ ಹಂಗೇ. ಆದ್ರೆ ಒಳಗೆ ಕೊಬ್ಬರಿ ಕರಟ ಬಿಟ್ಕೊಂಡು ಬೇರೆಯಾಗಿರ್ತದೆ. ಎತ್ತಿ ಅಲ್ಲಾಡಿಸಿದೋರಿಗೆ ಮಾತ್ರ ಗೊತ್ತಾಗೋದು. ಆ ತಾಯಿನೂ ಹಂಗೇ ಕಣೇ.”

ಅವಳು ಮೊದಲ ಸಲ ಆಕಳಿಸದೆ ಕೇಳಿದಳು. ಅವರ ಮನೆಯ ಅಟ್ಟದಲ್ಲೇ ಸಾವಿರಾರು ಕಾಯಿ ಇದ್ದವು, ಅವಳಿಗೆ ಎಂದೂ ಹಾಗೆ ಅನ್ನಿಸಿರಲಿಲ್ಲವಂತೆ.

ಇನ್‌ಸ್ಪೆಕ್ಟರು ಬಂದರು. ಕೋಟು, ಕನ್ನಡಕ, ಕೈಯಲ್ಲೊಂದು ಕೊಡೆ. ಪಾಠ ನೋಡಲು ನಾವೆಲ್ಲ ಹಿಂದೆ ನಿಂತೆವು. ಅವಳು ಪಾಠ ಮಾಡಿದಳು. ಚೆನ್ನಾಗಿಯೇ ಮಾಡಿದಳು, ಅದನ್ನು ಹೇಳದಿದ್ದರೆ ನನಗೆ ಒಳ್ಳೆಯದಾಗುವುದಿಲ್ಲ. ಅಟ್ಟದ ಕಾಯಿಯ ಮಾತು ಬಂದಾಗ ಮಕ್ಕಳು ಉಸಿರು ಬಿಗಿಹಿಡಿದು ಕೂತಿದ್ದವು. ಇನ್‌ಸ್ಪೆಕ್ಟರು ಕನ್ನಡಕ ತೆಗೆದು ಒರೆಸಿಕೊಂಡರು.

“ಭೇಷ್! ಅಟ್ಟದ ಕಾಯಿ! ನಮ್ಮ ನೆಲದಲ್ಲಿ ಹುಟ್ಟಿದವರಿಗೆ ಮಾತ್ರ ಹೊಳೆಯುವ ಮಾತು ಕಣಮ್ಮ ಇದು” ಎಂದರು.

ನನ್ನ ಹೊಟ್ಟೆಗೆ ಬೆಂಕಿ ಬಿತ್ತು. ನಾನು ಇನ್ನಾವ ನೆಲದಲ್ಲಿ ಹುಟ್ಟಿದ್ದೆ? ಅವಳು ತಲೆ ತಗ್ಗಿಸಿ ನಕ್ಕಳು. ನಂತರ ಹೊಲಿಗೆಯ ಮಾದರಿಗಳನ್ನು ಮೇಜಿನ ಮೇಲೆ ಹರಡಿದರು. ನವಿಲು, ಗಿಳಿ, ಬಳ್ಳಿ, ಎಲ್ಲ ಅವಳ ಕೈಯದೇ. ಇನ್‌ಸ್ಪೆಕ್ಟರು ನನ್ನ ಕಡೆ ತಿರುಗಿ, “ನಿಮ್ಮ ಜನದ ಕೈಗುಣ ಎಲ್ಲಿಗೆ ಹೋಗುತ್ತೆ” ಎಂದರು. ನಾನೂ ತಲೆ ತಗ್ಗಿಸಿದೆ. ನಗು ಮಾತ್ರ ಬರಲಿಲ್ಲ.

ಅಲ್ಲಿಗೇ ಮುಗಿದಿದ್ದರೆ ಚೆನ್ನಾಗಿತ್ತು. ಊಟಕ್ಕೆ ಕೂರುವಾಗ ಅವರ ಕೋಟಿನ ಗುಂಡಿ ಕಿತ್ತು ಬಂತು.

“ಹೊಲಿಗೆ ಟೀಚರೇ ಇದ್ದಾರಲ್ಲ, ನನಗೇನು ಯೋಚನೆ” ಎಂದು ನಗುತ್ತಾ, ಕನ್ನಡಕವನ್ನು ಒಳಜೇಬಿಗೆ ಸೇರಿಸಿ, ಕೋಟು ಬಿಚ್ಚಿ ನನ್ನ ಕೈಗೆ ಕೊಟ್ಟರು.

ಅವಳು ಆಗ ಎಲೆ ಹಾಕುತ್ತಾ ಒಳಗೆ ಇದ್ದಳು. ಎಲ್ಲರ ಕಣ್ಣೂ ನನ್ನ ಮೇಲೆ. ಮಕ್ಕಳೆಲ್ಲ ಸುತ್ತ ನೆರೆದವು. ನಾನು ಸೂಜಿಗೆ ದಾರ ಪೋಣಿಸಿ, ಅಬ್ಬಾ ಮಾಡುತ್ತಿದ್ದ ಹಾಗೆ ಅದನ್ನು ಮಡಿಸಿ ಹೊಸೆದು ಹುರಿಯಷ್ಟು ದಪ್ಪ ಮಾಡಿಕೊಂಡೆ. ಭಯಕ್ಕೆ ಕೈ ತನಗೆ ಗೊತ್ತಿದ್ದದ್ದನ್ನೇ ಮಾಡಿತು. ಜಗ್ಗಿ ಜಗ್ಗಿ ಹೊಲಿದೆ. ಗುಂಡಿ ಭದ್ರವಾಗಿ ಕೂತಿತು, ಆನೆ ಕಟ್ಟಿ ಎಳೆದರೂ ಬಾರದ ಹಾಗೆ. ಊಟ ಮುಗಿಸಿ ಕೋಟು ಹಾಕಿಕೊಂಡ ಇನ್‌ಸ್ಪೆಕ್ಟರು ಸಹಿ ಹಾಕಲೆಂದು ಕೂತು ಕನ್ನಡಕಕ್ಕೆ ಒಳಜೇಬಿಗೆ ಕೈ ಹಾಕಿದರು. ಕೈ ಹೋಗಲಿಲ್ಲ. ಗುಂಡಿಯ ಜೊತೆಗೆ ನಾನು ಒಳಜೇಬಿನ ಬಾಯನ್ನೂ ಸೇರಿಸಿ ಹೊಲಿದುಬಿಟ್ಟಿದ್ದೆ. ಮೂಲೆಯಲ್ಲಿ ಒಂದು ಕಿವಿ ಬೇರೆ ಎದ್ದು ನಿಂತಿತ್ತು. ಕನ್ನಡಕ ಒಳಗೇ ಇತ್ತು.

“ಏನಮ್ಮಾ ಇದು! ಕೊಬ್ಬರಿ ಚೀಲ ಅಂದ್ಕೊಂಡ್ರಾ ನನ್ನ?” ಎಂದರು. ಮೇಷ್ಟ್ರುಗಳೆಲ್ಲ ನಕ್ಕರು, ಮಕ್ಕಳೂ ನಕ್ಕವು. ಆಮೇಲೆ ಅವರು ಮೇಜಿನ ಮೇಲಿನ ನವಿಲನ್ನು ನೋಡಿದರು, ನನ್ನನ್ನು ನೋಡಿದರು. “ಹಾಗಾದರೆ ಇದನ್ನು ಹೊಲಿದೋರು ಯಾರು?”

ಅವಳು ಒಂದು ಹೆಜ್ಜೆ ಮುಂದೆ ಬಂದಳು.

“ನಾನು ಸಾರ್. ಇವಳಿಗೆ ಬರಲ್ಲ ಅಂತ ನಾನೇ ಮಾಡಿಕೊಟ್ಟೆ. ತಪ್ಪು ನಂದೇ.”

ಧೈರ್ಯದ ಮಾತು. ನಾನು ಅವಳ ಬಾಯನ್ನೇ ನೋಡುತ್ತಾ ನಿಂತೆ. ಇನ್ನೊಂದು ಮಾತು ಬಾಕಿ ಇತ್ತು, ಪದ್ಯ ಇವಳು ಹೇಳಿಕೊಟ್ಟಿದ್ದು ಎಂಬ ಮಾತು. ನಾನೇ ಹೇಳಿಕೊಂಡರೆ ಅದು ಸಿಕ್ಕಿಬಿದ್ದವಳ ನೆಪ. ಅವಳು ಹೇಳಿದರೆ ಮಾತ್ರ ನಿಜ. ಅವಳು ತುಟಿ ಒದ್ದೆ ಮಾಡಿಕೊಂಡಳು. ಸುಮ್ಮನಾದಳು.

ಹೆಡ್‌ಮೇಷ್ಟ್ರು ಅಲ್ಲೇ ತೀರ್ಮಾನ ಮಾಡಿದರು. “ಹಂಗಾದ್ರೆ ಕನ್ನಡ, ಹೊಲಿಗೆ ಎರಡೂ ಈಯಮ್ಮನೇ ನೋಡ್ಕೊಳ್ಳಲಿ.” ನಂತರ ನನ್ನ ಹತ್ತಿರ ಬಂದು, ದನಿ ತಗ್ಗಿಸಿ, ಸಮಾಧಾನ ಹೇಳಿದರು. “ಬೇಜಾರು ಮಾಡ್ಕೋಬ್ಯಾಡಿ ಕಣಮ್ಮ. ಹಿಂದಿ ಖಾಲಿ ಅದೆ, ನಿಮಗೆ ಕೊಡ್ತೀನಿ. ಉರ್ದು, ಹಿಂದಿ ಎಲ್ಲಾ ಒಂದೇ ತಾನೆ? ನಿಮಗೆ ನೀರು ಕುಡ್ದಂಗೆ.”

ಹೈಸ್ಕೂಲಿನಲ್ಲಿ ಪಾಸಾಗುವುದಕ್ಕೆ ಎಷ್ಟು ಬೇಕೋ ಅಷ್ಟು ಬಾಯಿಪಾಠ ಮಾಡಿ ಮರೆತ ಭಾಷೆ ಅದು. ಉರ್ದು ಅಕ್ಷರ ನನಗೆ ಗೊತ್ತೇ ಇರಲಿಲ್ಲ, ನಾವು ಮನೆಯಲ್ಲಿ ಆಡುವ ಮಾತಿಗೂ ಪುಸ್ತಕದ ಹಿಂದಿಗೂ ಬಹಳ ದೂರ. ಹೇಳಬೇಕೆಂದುಕೊಂಡೆ. ಅವರ ಮುಖದಲ್ಲಿ ಅಷ್ಟೊಂದು ಕರುಣೆ ಇತ್ತು, ಆಗಲಿ ಸಾರ್ ಎಂದೆ.

ಸಂಜೆ ಬಸ್ಸಿನಲ್ಲಿ, ತುರುವೇಕೆರೆ ಇನ್ನೂ ಅರ್ಧ ದಾರಿ ಇರುವಾಗ ಅವಳು ನನ್ನ ಮೊಣಕೈ ಮುಟ್ಟಿದಳು.

“ಕೋಪನೇನೇ?”

“ಹೊಲಿಗೆ ಹೇಳಿದೆ. ಕನ್ನಡ ಯಾಕೆ ಹೇಳ್ಲಿಲ್ಲ?”

ಅವಳು ಸುಳ್ಳು ಹೇಳಲಿಲ್ಲ. ಅದು ಅವಳ ಒಳ್ಳೆಯತನವೋ ಏನೋ, ನನಗೆ ಇವತ್ತಿಗೂ ಗೊತ್ತಾಗಿಲ್ಲ. “ನಿಂಗೆ ಹೊಲಿಗೆ ಬರಲ್ಲ ಅಂದ್ರೆ ಜನ ನಗ್ತಾರೆ, ಮುಗೀತು. ನಾನು ಸಾಬರ ಹುಡುಗಿ ಹತ್ರ ಕನ್ನಡ ಹೇಳಿಸ್ಕೊಂಡೆ ಅಂದ್ರೆ ನಮ್ಮಪ್ಪ ಊರಲ್ಲಿ ತಲೆ ಎತ್ಕೊಂಡು ಓಡಾಡೋದು ಹೆಂಗೆ ಕಣೇ?”

ಸಾಬರ ಹುಡುಗಿ ಎಂದು ಅವಳು ನನ್ನನ್ನು ಕರೆದದ್ದು ಅದೇ ಮೊದಲು. ಕೆಟ್ಟ ಮನಸ್ಸಿನಿಂದ ಅಲ್ಲ, ಊರಿನವರ ಬಾಯಿಂದ ಆಡಿದ ಮಾತು. ನನಗೆ ಅಳು ಬಂತು, ಅತ್ತೆ. ಅವಳೂ ಅತ್ತಳು. ಮೂಗು ಒರೆಸಿಕೊಂಡು ಚೀಲದಿಂದ ಪುಸ್ತಕ ತೆಗೆದು ನನ್ನ ತೊಡೆಯ ಮೇಲೆ ಇಟ್ಟಳು. “ನಾಳೆ ಈ ಪದ್ಯ ಶುರು ಮಾಡ್ಬೇಕು. ಇದೊಂದು ಹೇಳ್ಕೊಟ್ಟು ಬುಡೇ.”

ಮಗಳನ್ನು ಗಂಡನ ಮನೆಗೆ ಕಳಿಸಿ ಬಂದ ತಂದೆ, ಖಾಲಿ ಮನೆಯಲ್ಲಿ ಸಂಜೆ ದೀಪ ಹಚ್ಚುವ ಪದ್ಯ. ನನಗೆ ಅದು ಕಂಠಪಾಠ. ಹುಣಸೆಮರದ ಕೆಳಗೆ ಎಷ್ಟೋ ಶುಕ್ರವಾರ ಅದನ್ನೇ ಓದಿಕೊಂಡು ಕೂತಿದ್ದೇನೆ. ಪುಸ್ತಕ ಮುಚ್ಚಿ ಅವಳ ಕೈಗೆ ಕೊಟ್ಟೆ.

“ಆಗಲ್ಲ. ನಾನು ಹಿಂದಿ ಓದ್ಕೋಬೇಕು” ಎಂದೆ.

ಮರುದಿನ ಮೊದಲ ಪೀರಿಯಡ್ಡು. ಮೋಟುಗೋಡೆಯ ಈ ಕಡೆ ಆರನೇ ತರಗತಿಗೆ ನನ್ನ ಹಿಂದಿ, ಆ ಕಡೆ ಅವಳ ಕನ್ನಡ. ಪಾಠದಲ್ಲಿ ಒಂದು ಸಾಲು ಓದಿ ಅರ್ಥ ಹೇಳಬೇಕು, ನನಗೆ ಬರಲಿಲ್ಲ. ಇನ್ನೊಮ್ಮೆ ಓದಿದೆ. ಮುಂದಿನ ಬೆಂಚಿನ ಹುಡುಗಿ ಎದ್ದು ನಿಂತು, “ಟೀಚರ್, ನಿಮಗೇ ಬರಲ್ವಾ? ನಿಮ್ದೇ ಭಾಷೆ ಅಂದ್ರು ಹೆಡ್‌ಮೇಷ್ಟ್ರು” ಎಂದಳು. ಅವಳಿಗೆ ನಿಜವಾಗಿಯೂ ಆಶ್ಚರ್ಯವಾಗಿತ್ತು. ನಾನು ಬೋರ್ಡಿನ ಕಡೆ ತಿರುಗಿದೆ.

ಆಗ ಗೋಡೆಯಾಚೆಯಿಂದ ಅವಳ ದನಿ ಬಂತು. “ಇದು ದೀಪಾವಳಿ ಪದ್ಯ ಮಕ್ಕಳೇ. ದೀಪ ಹಚ್ತಾವ್ರೆ ನೋಡಿ. ನಿಮ್ಮ ಮನೇಲಿ ದೀಪಾವಳಿಗೆ ಏನೇನು ಮಾಡ್ತೀರಿ, ಹೇಳಿ ನೋಡಾನ.” ಎಣ್ಣೆನೀರು, ಪಟಾಕಿ, ಒಬ್ಬಟ್ಟು ಎಂದು ಮಕ್ಕಳು ಕೂಗಿದವು. ಅವಳೂ ನಕ್ಕಳು. ಮಗಳಿಲ್ಲದ ಮನೆಯಲ್ಲಿ ಆ ತಂದೆ ಒಬ್ಬನೇ ದೀಪ ಹಿಡಿದು ನಿಂತಿದ್ದ, ಅವನ ಸುತ್ತ ಪಟಾಕಿ ಸಿಡಿಯಿತು. ವರಾಂಡದಲ್ಲಿ ಹೋಗುತ್ತಿದ್ದ ಹೆಡ್‌ಮೇಷ್ಟ್ರು ಒಂದು ಗಳಿಗೆ ನಿಂತು ಕೇಳಿ, ಮಕ್ಕಳ ಗಲಾಟೆಗೆ ಮುಗುಳ್ನಕ್ಕು ಮುಂದೆ ಹೋದರು.

ಸಂಜೆಯ ಹೊತ್ತಿಗೆ ನನ್ನ ಸುದ್ದಿ ಊರೆಲ್ಲ ಮುಟ್ಟಿತ್ತು. ಬಸ್ಸಿಗೆ ಕಾಯುವಾಗ ಅಂಗಡಿಯ ಕಟ್ಟೆಯ ಮೇಲೆ ಕೂತವರು ನನಗೆ ಕೇಳುವ ಹಾಗೇ ಆಡಿಕೊಂಡರು. “ಹೊಲಿಗೆ ಬರಲ್ವಂತೆ, ಹಿಂದಿನೂ ಬರಲ್ವಂತೆ. ಇದ್ಯಾವ ಸೀಮೆ ಬೂಬಮ್ಮ ಕಣ್ಲಾ?” ಅವಳ ದೀಪಾವಳಿಯ ಬಗ್ಗೆ ಯಾರೂ ಏನೂ ಆಡಲಿಲ್ಲ. ಅವಳು ನೊಣವಿನಕೆರೆಯವಳಾಗಿ ತಪ್ಪಿದಳು ಎನ್ನಲಿಲ್ಲ, ಇವಳೆಂಥ ಕನ್ನಡದವಳು ಎನ್ನಲಿಲ್ಲ. ಒಂದು ಪದ್ಯ ಅವಳಿಗೆ ತಿಳಿಯಲಿಲ್ಲ, ಅಷ್ಟೆ. ಅದು ಅವಳೊಬ್ಬಳದು, ಆ ಬೆಳಿಗ್ಗೆಗೆ ಮುಗಿದದ್ದು. ಅವಳ ಹೂವು, ಅವಳ ತೆಂಗಿನಕಾಯಿ, ಅವಳ ಮೊದಲ ಪೀರಿಯಡ್ಡು, ಇವೆಲ್ಲ ಕಂಡು ನಾನು ಉರಿದುಕೊಂಡಿದ್ದೆ. ಆದರೆ ಆ ಬೆಳಿಗ್ಗೆ ಗೋಡೆಯಾಚೆ ಅವಳು ಮಾಡಿದ ತಪ್ಪನ್ನು ಕಂಡು ಉರಿದುಕೊಂಡಷ್ಟು ಇನ್ನಾವುದನ್ನು ಕಂಡೂ ಉರಿದುಕೊಂಡಿಲ್ಲ.